ಜಿಮೇಲ್ ಇರೋ ಪಾರ್ಟಿಗಳಿಗೆ ಮಾತ್ರ ಮೇಲ್ ವಾಪಸ್ ಬರಾಕತ್ತೈತಿ: 550 5.7.26

ತೆರಿಗೆ_ಕೊಠಡಿ (ಹುಬ್ಬಳ್ಳಿ), ಸೋಮವಾರ ಬೆಳಿಗ್ಗೆ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಕೆಲಸ ಮಾಡೋ ಸಣ್ಣ ಆಫೀಸು. ಸ್ವಂತ ಡೊಮೇನ್ ಐತಿ. ಎಲ್ಲಾ ಕಂಪ್ಯೂಟರ್‌ನಾಗೂ ಔಟ್‌ಲುಕ್ 2016. ಹೋದ ವಾರ ವೆಬ್‌ಸೈಟ್ ಹೊಸ ಹೋಸ್ಟಿಂಗ್‌ಗೆ ಬದಲಿ ಮಾಡಿಸಿದ್ವಿ, ಮೇಲ್ ಮಾತ್ರ ಹಳೇ ಕಂಪನಿ ಕಡೇನ ಐತಿ. ಬದಲಿ ಮಾಡಿದ ದಿನ ಏನೂ ತೊಂದರೆ ಇರಲಿಲ್ಲ. ಈಗ ನೋಡಿದ್ರ ಜಿಮೇಲ್ ಇರೋ ಪಾರ್ಟಿಗಳಿಗೆ ಕಳಿಸಿದ್ದೆಲ್ಲಾ ವಾಪಸ್ ಬರಾಕತ್ತೈತಿ. ಹೊರಗಿಂದ ನಮಗ ಬರೋ ಮೇಲ್ ಸರಿಯಾಗೇ ಬರ್ತಾವು. 20ನೇ ತಾರೀಖಿನೊಳಗ ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸಬೇಕು, ಚಲನ್ ಕಳಿಸಾಕ ಆಗವಲ್ದು. ಏನ್ ಮಾಡ್ಬೇಕು ಹೇಳ್ರಿ.

ಕಡಲ್ಕರೆ (ಮಂಗಳೂರು)

ಔಟ್‌ಲುಕ್ ತೆಗೆದು ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ. ನಮ್ಮಲ್ಲಿ ಏನೇ ಎರರ್ ಬಂದರೂ ಸರ್ವಿಸ್‌ನವರು ಮೊದಲು ಮಾಡುವುದು ಅದನ್ನೇ.

ಸರ್ವರ್_ಕೋಣೆ (ಬೆಂಗಳೂರು)

ದಯವಿಟ್ಟು ಈಗಲೇ ಏನನ್ನೂ ತೆಗೆಯಬೇಡಿ. ಆಫೀಸಿನ ಎಲ್ಲಾ ಕಂಪ್ಯೂಟರ್‌ಗಳಲ್ಲೂ ಒಂದೇ ತೊಂದರೆ, ಅದೂ ಜಿಮೇಲ್‌ನವರಿಗೆ ಮಾತ್ರ ಅಂದರೆ ಔಟ್‌ಲುಕ್ ಕೆಟ್ಟಿಲ್ಲ. ಬ್ರೌಸರ್‌ನಲ್ಲಿ ವೆಬ್‌ಮೇಲ್ ತೆರೆದು ಅಲ್ಲಿಂದ ಒಂದು ಜಿಮೇಲ್ ವಿಳಾಸಕ್ಕೆ ಕಳಿಸಿ. ಅದೂ ವಾಪಸ್ ಬಂದರೆ ಔಟ್‌ಲುಕ್ ಮೇಲಿನ ಅನುಮಾನ ಪೂರ್ತಿ ಹೋಗುತ್ತದೆ.

ಎರರ್ ಬಂದಾಗ ನಾನು ಮೊದಲು ಕೇಳುವುದು, ಈ ಮಾತನ್ನು ಹೇಳುತ್ತಿರುವುದು ಯಾರು ಅಂತ. ಪರದೆ ಮೇಲೆ ಪಾಪ್‌ಅಪ್ ಬಂದು 0ಎಕ್ಸ್ ಅಂತ ಶುರುವಾಗುವ ನಂಬರ್ ಇದ್ದರೆ, ಅದು ನಿಮ್ಮ ಕಂಪ್ಯೂಟರಿನ ಔಟ್‌ಲುಕ್ ಹೇಳುತ್ತಿರುವ ಮಾತು. ಸೆಂಡ್ ಒತ್ತಿದ ಮೇಲೆ ಮೇಲ್ ಔಟ್‌ಬಾಕ್ಸ್‌ನಲ್ಲೇ ಕೂತು ಎರರ್ ಬಂದರೆ, ನಿಮ್ಮದೇ ಮೇಲ್ ಸರ್ವರ್ ಅದನ್ನು ತೆಗೆದುಕೊಳ್ಳುತ್ತಿಲ್ಲ. ಸೆಂಟ್ ಐಟಮ್ಸ್‌ಗೆ ಹೋಗಿ, ಆಮೇಲೆ ಇನ್‌ಬಾಕ್ಸ್‌ಗೆ "ತಲುಪಲಿಲ್ಲ" ಅಂತ ಒಂದು ಮೇಲ್ ಬಂದರೆ ಸಾಮಾನ್ಯವಾಗಿ ಬೇಡ ಅಂದಿರುವುದು ಎದುರಿನವರ ಸರ್ವರ್. ಮೂರಕ್ಕೂ ಔಷಧ ಬೇರೆ ಬೇರೆ.

ವಾಪಸ್ ಬಂದ ಮೇಲ್‌ನಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆಯೋ ಅಷ್ಟನ್ನೂ ಇಲ್ಲಿ ಹಾಕಿ. ಪಾರ್ಟಿಗಳ ವಿಳಾಸ, ಡೊಮೇನ್ ಹೆಸರು ಅಳಿಸಿ ಹಾಕಿ.

ತೆರಿಗೆ_ಕೊಠಡಿ

ವೆಬ್‌ಮೇಲ್‌ನಿಂದ ಕಳಿಸಿದ್ರೂ ಅದೇ ಕಥಿ ರೀ. ಕೆಳಗ ಹಿಂಗೈತಿ: 550, ಆಮೇಲೆ 5.7.26, "ಯುವರ್ ಈಮೇಲ್ ಹ್ಯಾಸ್ ಬೀನ್ ಬ್ಲಾಕ್ಡ್ ಬಿಕಾಸ್ ದ ಸೆಂಡರ್ ಈಸ್ ಅನ್‌ಆಥೆಂಟಿಕೇಟೆಡ್". ಅದರ ಕೆಳಗ ಎಸ್‌ಪಿಎಫ್, ಡಿಕೆಐಎಂ ಅಂತ ಏನೇನೋ ಐತಿ, ಎರಡಕ್ಕೂ "ಡಿಡ್ ನಾಟ್ ಪಾಸ್" ಅಂದಾರ. ನಾವು ಪಾಸ್‌ವರ್ಡ್ ಹಾಕೇ ಲಾಗಿನ್ ಆಗೀವಿ, ಮತ್ತ ಅನ್‌ಆಥೆಂಟಿಕೇಟೆಡ್ ಅಂದ್ರ ಹೆಂಗ?

ಸರ್ವರ್_ಕೋಣೆ

ಸಿಕ್ಕಿತು. ಉತ್ತರ ಆ ಸಾಲಿನಲ್ಲೇ ಇದೆ.

ನಿಮ್ಮ ಪಾಸ್‌ವರ್ಡ್ ನಿಮಗೂ ನಿಮ್ಮ ಮೇಲ್ ಕಂಪನಿಗೂ ನಡುವಿನ ವಿಷಯ. ಜಿಮೇಲ್ ಕೇಳುತ್ತಿರುವುದು ಬೇರೆ: ಈ ಡೊಮೇನ್ ಹೆಸರಿನಲ್ಲಿ ಮೇಲ್ ಕಳಿಸಲು ಈ ಸರ್ವರ್‌ಗೆ ಅನುಮತಿ ಕೊಟ್ಟವರು ಯಾರು? ಅದಕ್ಕೆ ಉತ್ತರ ಇರುವುದು ನಿಮ್ಮ ಡೊಮೇನಿನ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನಿನ ವಿವರಗಳನ್ನು ಎಲ್ಲರೂ ನೋಡುವಂತೆ ಇಟ್ಟಿರುವ ದಾಖಲೆಯಲ್ಲಿ. ಎಸ್‌ಪಿಎಫ್ ಅಂದರೆ ಅಲ್ಲಿರುವ ಒಂದು ಟಿಎಕ್ಸ್‌ಟಿ (ಬರಹದ ಸಾಲಿನ) ರೆಕಾರ್ಡ್, ಯಾವ ಯಾವ ಸರ್ವರ್‌ಗಳು ನಮ್ಮ ಪರವಾಗಿ ಕಳಿಸಬಹುದು ಅನ್ನುವ ಪಟ್ಟಿ. ಡಿಕೆಐಎಂ ಅಂದರೆ ಪ್ರತಿ ಮೇಲ್‌ಗೂ ಸರ್ವರ್ ಹಾಕುವ ಸಹಿ. ಆ ಸಹಿ ಅಸಲಿಯೇ ಎಂದು ನೋಡುವ ಕೀಲಿಯೂ ಡಿಎನ್‌ಎಸ್‌ನಲ್ಲೇ ಇರುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಕಳಿಸುವವರು ಎಷ್ಟೇ ಸಣ್ಣವರಾದರೂ ಎರಡರಲ್ಲಿ ಒಂದಾದರೂ ಇರಲೇಬೇಕು. ಜಿಮೇಲ್‌ನವರಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ ಕೂಡ, ಅಂದರೆ ಈ ಪರೀಕ್ಷೆಯಲ್ಲಿ ಬಿದ್ದ ಮೇಲನ್ನು ಏನು ಮಾಡಬೇಕು ಅಂತ ಹೇಳುವ ರೆಕಾರ್ಡ್.

ನನ್ನ ಊಹೆ ಇದು. ವೆಬ್‌ಸೈಟ್ ಬದಲಿಸಿದವರು ನೇಮ್‌ಸರ್ವರ್ (ಆ ಡಿಎನ್‌ಎಸ್ ದಾಖಲೆ ಇರುವ ಸರ್ವರ್) ಕೂಡ ಹೊಸ ಹೋಸ್ಟಿಂಗ್‌ಗೆ ತಿರುಗಿಸಿದ್ದಾರೆ. ಒಳಬರುವ ಮೇಲ್ ಎಲ್ಲಿಗೆ ಹೋಗಬೇಕು ಎನ್ನುವ ಎಂಎಕ್ಸ್ ರೆಕಾರ್ಡ್ ನಕಲು ಮಾಡಿದ್ದಾರೆ, ಅದಕ್ಕೇ ನಿಮಗೆ ಮೇಲ್ ಬರುತ್ತಿದೆ. ಟಿಎಕ್ಸ್‌ಟಿ ರೆಕಾರ್ಡ್‌ಗಳನ್ನು ತಂದಿಲ್ಲ. ಮೊದಲ ದಿನ ತೊಂದರೆ ಆಗದಿದ್ದುದಕ್ಕೂ ಕಾರಣ ಇದೆ: ಹಳೆಯ ಉತ್ತರ ಅಲ್ಲಲ್ಲಿ ಕ್ಯಾಶ್‌ನಲ್ಲಿ ಉಳಿದಿತ್ತು, ಅದರ ಟಿಟಿಎಲ್ (ಹಾಗೆ ಉಳಿಯುವ ಅವಧಿ) ಮುಗಿದ ಮೇಲೆ ಹೊಸ ಖಾಲಿ ಉತ್ತರ ಸಿಗತೊಡಗಿದೆ.

ಕಮಾಂಡ್ ಪ್ರಾಂಪ್ಟ್ ತೆರೆದು ಎನ್‌ಎಸ್‌ಲುಕಪ್‌ನಲ್ಲಿ ಟೈಪ್ ಅನ್ನು ಟಿಎಕ್ಸ್‌ಟಿ ಅಂತ ಕೊಟ್ಟು ನಿಮ್ಮ ಡೊಮೇನ್ ಕೇಳಿ. ಏನು ಬರುತ್ತದೆ ನೋಡೋಣ.

ಗುಮಾಸ್ತೆ (ಮೈಸೂರು)

ಮಧ್ಯದಲ್ಲಿ ಬಂದಿದ್ದಕ್ಕೆ ಕ್ಷಮಿಸಿ. ಈ 550, 5.7.26 ಅನ್ನೋ ನಂಬರ್‌ಗಳನ್ನ ಓದೋದು ಹೇಗೆ ಸರ್? ನನಗೆ ಒಮ್ಮೊಮ್ಮೆ 5.1.10 ಬರುತ್ತೆ, ಒಮ್ಮೊಮ್ಮೆ 5.2.2.

ಸರ್ವರ್_ಕೋಣೆ

ಒಳ್ಳೆಯ ಪ್ರಶ್ನೆ ಮೇಡಂ. ಇದನ್ನು ಆಫೀಸಿನಲ್ಲಿ ಎಲ್ಲರೂ ಕಲಿತರೆ ಸಿಸ್ಟಮ್‌ನವರನ್ನು ಕಾಯುವ ಅರ್ಧ ದಿನ ಉಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಮೂರಂಕಿಯ ಸಂಖ್ಯೆಗಳು 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ (ಸರ್ವರ್‌ಗಳು ಮೇಲ್ ಸಾಗಿಸುವ ವಿಧಾನ) ನಿಯಮದಿಂದಲೂ ಇವೆ. ಚುಕ್ಕೆ ಇಟ್ಟ ಸಂಖ್ಯೆಗಳು ಆಮೇಲೆ ಬಂದವು, ಈಗ ಬಳಕೆಯಲ್ಲಿರುವ ನಿಯಮ 2003ರದ್ದು. ಮೊದಲ ಅಂಕಿ 2 ಇದ್ದರೆ ಆಯಿತು. 4 ಇದ್ದರೆ ಈಗ ಆಗಲಿಲ್ಲ, ಮತ್ತೆ ಪ್ರಯತ್ನ ನಡೆಯುತ್ತದೆ. 5 ಇದ್ದರೆ ಆಗುವುದೇ ಇಲ್ಲ, ಏನಾದರೂ ಬದಲಿಸದೆ ಮತ್ತೆ ಕಳಿಸಿ ಪ್ರಯೋಜನವಿಲ್ಲ. ಚುಕ್ಕೆ ಇಟ್ಟ ಸಂಖ್ಯೆಯ ನಡುವಿನ ಅಂಕಿ ಎಲ್ಲಿ ತೊಡಕು ಅಂತ ಹೇಳುತ್ತದೆ: 1 ವಿಳಾಸ, 2 ಎದುರಿನವರ ಮೇಲ್‌ಬಾಕ್ಸ್, 3 ಮೇಲ್ ವ್ಯವಸ್ಥೆ, 4 ನೆಟ್‌ವರ್ಕ್ ಮತ್ತು ದಾರಿ, 5 ಸರ್ವರ್‌ಗಳ ನಡುವಿನ ಮಾತುಕತೆ, 6 ಮೇಲ್‌ನ ಒಳಗಿನ ವಿಷಯ, 7 ಭದ್ರತೆ ಮತ್ತು ಅನುಮತಿ. ಅಂಚೆಯವರು ವಾಪಸ್ ಬಂದ ಲಕೋಟೆ ಮೇಲೆ ಕಾರಣ ಬರೆದು ಕೊಡುತ್ತಾರಲ್ಲ, ಹಾಗೆ.

ನಿಮ್ಮ 5.2.2 ಅಂದರೆ ಅವರ ಡಬ್ಬಿ ತುಂಬಿದೆ. ಫೋನ್ ಮಾಡಿ ಖಾಲಿ ಮಾಡಲು ಹೇಳಬೇಕು, ನಿಮ್ಮ ಕಡೆ ಮಾಡುವುದು ಏನೂ ಇಲ್ಲ. 5.1.10 ಅಂದರೆ ಆ ವಿಳಾಸದವರು ಅಲ್ಲಿಲ್ಲ. ವಿಳಾಸ ಸರಿಯಿದ್ದೂ ನಿಮ್ಮದೇ ಸಂಸ್ಥೆಯ ಸಹೋದ್ಯೋಗಿಗೆ ಹೀಗೆ ಬಂದರೆ, ಟು ಜಾಗದಲ್ಲಿ ಹೆಸರು ಟೈಪ್ ಮಾಡುವಾಗ ತಾನಾಗಿ ಬರುವ ಹಳೆಯ ಹೆಸರನ್ನು ನೋಡಿ. ಅವರ ಮೇಲ್‌ಬಾಕ್ಸ್ ಅಳಿಸಿ ಹೊಸದಾಗಿ ಮಾಡಿದ್ದರೆ ಔಟ್‌ಲುಕ್ ನೆನಪಿಟ್ಟುಕೊಂಡಿರುವುದು ಹಳೆಯ ಒಳವಿಳಾಸವನ್ನು. ಆ ಹೆಸರಿನ ಪಕ್ಕದ ಗುಣಾಕಾರ ಚಿಹ್ನೆ ಒತ್ತಿ ತೆಗೆಯಿರಿ, ವಿಳಾಸ ಪುಸ್ತಕದಿಂದ ಹೊಸದಾಗಿ ಆರಿಸಿ.

ಗುಮಾಸ್ತೆ

ಅದೇ ಸರ್! ಅವರು ಡಿಪಾರ್ಟ್‌ಮೆಂಟ್ ಬದಲಾಗಿ ಬಂದವರು. ಹಳೇದು ತೆಗೆದು ಕಳಿಸಿದೆ, ಹೋಯ್ತು.

ಅಬುಧಾಬಿ_ಕನ್ನಡಿಗ

ಮೊದಲ ಅಂಕಿ 4 ಇರುವುದರ ಬಗ್ಗೆ ಒಂದು ಮಾತು. "ಡಿಲೇಡ್" ಅಂತ ಎಚ್ಚರಿಕೆ ಬಂದರೆ ತುಂಬಾ ಜನ ಅದೇ ಮೇಲನ್ನು ಪದೇ ಪದೇ ಕಳಿಸುತ್ತಾರೆ. ಆಮೇಲೆ ದಾರಿ ಸರಿಹೋದಾಗ ಎದುರಿನವರಿಗೆ ಒಂದೇ ಇನ್‌ವಾಯ್ಸ್ ಹಲವು ಸಲ ಹೋಗಿ, ಎರಡು ಸಲ ಹಣ ಹಾಕಿದವರನ್ನೂ ನೋಡಿದ್ದೇನೆ. ಸರ್ವರ್ ತಾನೇ ಬಿಡುವು ಕೊಟ್ಟು ಪ್ರಯತ್ನಿಸುತ್ತಿರುತ್ತದೆ. ನಾಲ್ಕೈದು ದಿನವಾದರೂ ಬಿಡಬಾರದು ಅನ್ನುವುದು ನಿಯಮದ ಸಲಹೆ, ಕೆಲವು ಕಂಪನಿಗಳು ಅದಕ್ಕಿಂತ ಬೇಗ ಕೈಬಿಡುತ್ತವೆ. ಅವಸರ ಇದ್ದರೆ ಫೋನ್ ಮಾಡಿ ಹೇಳಿ, ಬೇರೆ ದಾರಿಯಲ್ಲಿ ಫೈಲ್ ಕೊಡಿ.

ಎಲ್ಲಾ ಕಡೆ ಒಟ್ಟಿಗೆ ನಿಂತರೆ ನಿಮ್ಮ ತಪ್ಪು ಹುಡುಕುತ್ತಾ ಕೂರಬೇಡಿ. 2022ರ ಜನವರಿ 1ರಂದು ಜಗತ್ತಿನ ಎಷ್ಟೋ ಆಫೀಸುಗಳ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ 2016 ಮತ್ತು 2019 ಮೇಲ್ ಸರ್ವರ್‌ಗಳಲ್ಲಿ ಮೇಲ್‌ಗಳು ಕ್ಯೂನಲ್ಲೇ ನಿಂತವು. ಒಳಗಿದ್ದ ಮಾಲ್‌ವೇರ್ ತಪಾಸಣೆಯ ಭಾಗ ಆವೃತ್ತಿಯ ದಿನಾಂಕವನ್ನು 2201010001 ಅಂತ ಒಂದೇ ಸಂಖ್ಯೆಯಾಗಿ ಬರೆದುಕೊಳ್ಳಲು ಹೊರಟಿತು, ಆ ಜಾಗದಲ್ಲಿ ಹಿಡಿಸುವುದು 2147483647ರ ತನಕ ಮಾತ್ರ. ಕಳಿಸಿದವರ ಕಂಪ್ಯೂಟರ್‌ನಲ್ಲಿ ಮಾಡಬೇಕಾದ್ದು ಏನೂ ಇರಲಿಲ್ಲ.

ತೆರಿಗೆ_ಕೊಠಡಿ, ಸೋಮವಾರ ಮಧ್ಯಾಹ್ನ

ಎನ್‌ಎಸ್‌ಲುಕಪ್ ಮಾಡಿದೆ ರೀ. ಒಂದ ಎಸ್‌ಪಿಎಫ್ ಸಾಲು ಬಂತು, ಅದರಾಗ ಹೊಸ ಹೋಸ್ಟಿಂಗ್ ಕಂಪನಿ ಹೆಸರು ಮಾತ್ರ ಐತಿ. ನಮ್ಮ ಮೇಲ್ ಕಂಪನಿ ಹೆಸರ ಇಲ್ಲ. ಡಿಎನ್‌ಎಸ್ ಪ್ಯಾನೆಲ್ ನಮ್ಮ ಕೈಯಾಗೇ ಐತಿ, ಮೇಲ್ ಕಂಪನಿ ಸಹಾಯ ಪುಟದಾಗ ಕೊಟ್ಟ ಸಾಲನ್ನ ಇನ್ನೊಂದು ಟಿಎಕ್ಸ್‌ಟಿ ಮಾಡಿ ಸೇರಿಸೀವಿ. ಆದ್ರ ಇನ್ನೂ ವಾಪಸ್ ಬರಾಕತ್ತೈತಿ. ಕಾಯಬೇಕೇನು?

ನೆಟ್‌ವರ್ಕ್_ಧಾರವಾಡ

ಕಾದ್ರ ಆಗೂದಿಲ್ಲ ಅಣ್ಣಾರ. ಒಂದು ಡೊಮೇನಿಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಎರಡು ಕಂಡ್ರ ಎದುರಿನ ಸರ್ವರ್ ಯಾವುದನ್ನೂ ಓದದ "ಪರ್ಮ್‌ಎರರ್" ಅಂತ ತಳ್ಳಿಬಿಡತೈತಿ. ಎರಡನ್ನೂ ಕೂಡಿಸಿ ಒಂದು ಮಾಡ್ರಿ: ಮೊದಲಿಗೆ ವಿ=ಎಸ್‌ಪಿಎಫ್1, ಆಮೇಲೆ ಮೇಲ್ ಕಂಪನಿಯ ಇನ್‌ಕ್ಲೂಡ್ (ಅವರ ಸರ್ವರ್ ಪಟ್ಟೀನೂ ಸೇರಿಸ್ರಿ ಅನ್ನೋ ತುಣುಕು), ಅದರ ಮುಂದ ಹೋಸ್ಟಿಂಗ್‌ದು, ಕೊನಿಗೆ ಒಂದೇ ಒಂದು ~ಆಲ್ (ಉಳಿದವರ ಮೇಲೆ ಅನುಮಾನ ಇರಲಿ ಅಂತ). ನಡುವ ಒಂದೊಂದು ಸ್ಪೇಸ್. ವೆಬ್‌ಸೈಟಿನ ಸಂಪರ್ಕ ಫಾರ್ಮ್‌ನಿಂದ ನಿಮ್ಮ ಡೊಮೇನ್ ಹೆಸರಲ್ಲಿ ಮೇಲ್ ಹೋಗತಿದ್ರ ಮಾತ್ರ ಹೋಸ್ಟಿಂಗ್‌ದು ಇಡ್ರಿ, ಇಲ್ಲಂದ್ರ ತೆಗೀರಿ. ಎಸ್‌ಪಿಎಫ್ ನೋಡುವಾಗ ಡಿಎನ್‌ಎಸ್ ಹುಡುಕಾಟ 10 ದಾಟಬಾರದು ಅಂತ ಮಿತಿ ಐತಿ. ಒಂದು ಇನ್‌ಕ್ಲೂಡ್ ಒಳಗ ಮತ್ತ ನಾಲ್ಕು ಇನ್‌ಕ್ಲೂಡ್ ಇದ್ರ ಅವೂ ಲೆಕ್ಕಕ್ಕ ಬರ್ತಾವು.

ಸರ್ವರ್_ಕೋಣೆ

ಧಾರವಾಡದವರು ಹೇಳಿದ್ದು ನೂರಕ್ಕೆ ನೂರು ಸರಿ. ಅದರ ಜೊತೆಗೆ ಡಿಕೆಐಎಂ ಕೂಡ ಇವತ್ತೇ ಮುಗಿಸಿ, ನಾಳೆಗೆ ಬಿಡಬೇಡಿ. ಮೇಲ್ ಕಂಪನಿಯ ಅಡ್ಮಿನ್ ಪುಟದಲ್ಲಿ ಡಿಕೆಐಎಂ ಅಂತ ಇರುತ್ತದೆ, ಅಲ್ಲಿ ಒಂದು ಹೆಸರು ಮತ್ತು ಉದ್ದನೆಯ ಕೀಲಿ ಕೊಡುತ್ತಾರೆ. ಅದನ್ನು ಟೈಪ್ ಮಾಡಲು ಹೋಗಬೇಡಿ, ನಕಲು ಮಾಡಿ ಅಂಟಿಸಿ. ಒಂದು ಅಕ್ಷರ ತಪ್ಪಿದರೂ ಸಹಿ ಸುಳ್ಳಾಗುತ್ತದೆ. ಡಿಕೆಐಎಂ ಯಾಕೆ ಬೇಕೆಂದರೆ, ನಿಮ್ಮ ಪಾರ್ಟಿ ಆ ಮೇಲನ್ನು ತಾನಾಗಿ ಇನ್ನೊಂದು ವಿಳಾಸಕ್ಕೆ ಫಾರ್ವರ್ಡ್ ಆಗುವಂತೆ ಇಟ್ಟಿದ್ದರೆ ಅಲ್ಲಿ ಎಸ್‌ಪಿಎಫ್ ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ಮೇಲ್ ತಿದ್ದದೆ ಹೋದರೆ ಸಹಿ ಉಳಿಯುತ್ತದೆ.

ಎಲ್ಲಾ ಆದ ಮೇಲೆ ಜಿಮೇಲ್‌ಗೆ ಒಂದು ಕಳಿಸಿ, ಅಲ್ಲಿ ಆ ಮೇಲ್‌ನ ಮೂರು ಚುಕ್ಕೆ ಒತ್ತಿ "ಶೋ ಒರಿಜಿನಲ್" ನೋಡಿ. ಎಸ್‌ಪಿಎಫ್, ಡಿಕೆಐಎಂ ಎದುರು "ಪಾಸ್" ಅಂತ ಬರಬೇಕು. ನಂತರ ಡಿಮಾರ್ಕ್ ರೆಕಾರ್ಡ್ ಅನ್ನು ಪಿ=ನನ್ (ಬಿದ್ದರೂ ತಡೆಯಬೇಡಿ) ಎಂದು ಇಟ್ಟು ಶುರುಮಾಡಿ.

ಕಡಲ್ಕರೆ

ಹಾಗಾದರೆ ನನ್ನದಕ್ಕೂ ಒಂದು ದಾರಿ ಹೇಳಿ ಮಾರಾಯ್ರೆ. ನಮ್ಮ ಶಿಪ್ಪಿಂಗ್ ಆಫೀಸಿನಲ್ಲಿ ಒಬ್ಬರ ಔಟ್‌ಲುಕ್ ತೆರೆಯುವುದೇ ಇಲ್ಲ, "ದ ಸೆಟ್ ಆಫ್ ಫೋಲ್ಡರ್ಸ್ ಕೆನಾಟ್ ಬಿ ಓಪನ್ಡ್" ಅಂತ ಬರುತ್ತದೆ. ಔಟ್‌ಲುಕ್ ಮೇಲ್‌ಗಳನ್ನು ಇಡುವ ಪಿಎಸ್‌ಟಿ ಫೈಲ್ 49 ಜಿಬಿ ಉಂಟು. ಒಬ್ಬರು ಹೇಳಿದರು, ಆ ಫೈಲ್ ಡಿಲೀಟ್ ಮಾಡಿದರೆ ಅದಾಗಿ ಹೊಸದು ಬರ್ತದೆ ಅಂತ.

ಸರ್ವರ್_ಕೋಣೆ

ಡಿಲೀಟ್ ಮಾಡಬೇಡಿ! ಹೊಸದು ತಾನಾಗಿ ಬರುವುದು ಓಎಸ್‌ಟಿ ಫೈಲ್. ಅದು ಸರ್ವರ್‌ನಲ್ಲಿರುವುದರ ನಕಲು. ಅದನ್ನೂ ನಾನು ಅಳಿಸುವುದಿಲ್ಲ, ಹೆಸರು ಬದಲಿಸಿ ಇಡುತ್ತೇನೆ, ಹೊಸದು ಇಳಿದ ಮೇಲೆ ತೆಗೆಯುತ್ತೇನೆ. ಪಿಎಸ್‌ಟಿ ಹಾಗಲ್ಲ. ಪಿಒಪಿ ಖಾತೆಯಲ್ಲಿ ಸರ್ವರ್‌ನಿಂದ ಇಳಿಸಿ ಅಲ್ಲಿಂದ ಅಳಿಸುವಂತೆ ಇಟ್ಟಿದ್ದರೆ ವರ್ಷಗಳ ಪತ್ರವ್ಯವಹಾರ ಇರುವುದು ಅದೊಂದೇ ಕಡೆ. ಈ ಒಂದು ವ್ಯತ್ಯಾಸ ತಿಳಿಯದೆ ಹಡಗಿನ ಕಾಗದಪತ್ರಗಳೆಲ್ಲಾ ಹೋಗುವುದು ನನಗೆ ಬೇಡ, ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿದ್ದೇನೆ.

ಮೊದಲು ಔಟ್‌ಲುಕ್ ಮುಚ್ಚಿ ಆ ಫೈಲನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ. ಆಮೇಲೆ ವಿಂಡೋಸ್ ಮತ್ತು ಆರ್ ಕೀಲಿ ಒಟ್ಟಿಗೆ ಒತ್ತಿ, ಔಟ್‌ಲುಕ್.ಇಎಕ್ಸ್‌ಇ ಬರೆದು ಸ್ಪೇಸ್ ಬಿಟ್ಟು /ರೀಸೆಟ್‌ನ್ಯಾವ್‌ಪೇನ್ ಕೊಡಿ. ಎಡಗಡೆಯ ಫೋಲ್ಡರ್ ಪಟ್ಟಿಯ ಸೆಟ್ಟಿಂಗ್ ಕೆಟ್ಟಿದ್ದರೂ ಇದೇ ಎರರ್ ಬರುತ್ತದೆ, ಅಷ್ಟರಲ್ಲೇ ತೆರೆದುಕೊಳ್ಳಬಹುದು. ಇಲ್ಲದಿದ್ದರೆ /ಸೇಫ್ ಕೊಟ್ಟು ತೆರೆಯಿರಿ. ಆಗ ತೆರೆದರೆ ಯಾವುದೋ ಆಡ್-ಇನ್ ತಡೆಯುತ್ತಿದೆ. ಅದೂ ಆಗದಿದ್ದರೆ ಆಫೀಸ್ ಫೋಲ್ಡರ್‌ನಲ್ಲಿರುವ ಸ್ಕ್ಯಾನ್‌ಪಿಎಸ್‌ಟಿ ಓಡಿಸಿ; ಇಷ್ಟು ದೊಡ್ಡ ಫೈಲ್‌ಗೆ ಬಹಳ ಹೊತ್ತು ಹಿಡಿಯುತ್ತದೆ, ನಡುವೆ ನಿಲ್ಲಿಸಬೇಡಿ, ಕರೆಂಟ್ ಹೋದರೆ ನಿಲ್ಲದಂತೆ ಯುಪಿಎಸ್ ನೋಡಿಕೊಳ್ಳಿ.

ಔಟ್‌ಲುಕ್ 2010ರಿಂದ ಪಿಎಸ್‌ಟಿಗೆ ಮೊದಲೇ ಇಟ್ಟ ಮಿತಿ 50 ಜಿಬಿ. ನೀವು ಅಂಚಿನಲ್ಲಿದ್ದೀರಿ. ತೆರೆದ ಮೇಲೆ ವರ್ಷಕ್ಕೊಂದರಂತೆ ಬೇರೆ ಪಿಎಸ್‌ಟಿ ಮಾಡಿ ಹಳೆಯದನ್ನು ಅಲ್ಲಿಗೆ ಸರಿಸಿ. ಸರಿಸಿದ ಮಾತ್ರಕ್ಕೆ ಫೈಲ್ ಕಿರಿದಾಗುವುದಿಲ್ಲ, "ಕಾಂಪ್ಯಾಕ್ಟ್ ನೌ" ಒತ್ತಬೇಕು. ಆ ಫೈಲ್ ನೆಟ್‌ವರ್ಕ್ ಡ್ರೈವ್‌ನಲ್ಲಿ ಇದ್ದರೆ ಕಂಪ್ಯೂಟರಿನೊಳಕ್ಕೇ ತನ್ನಿ.

ಮಲ್ನಾಡ್_ಟೈಪಿಸ್ಟ್ (ಶಿವಮೊಗ್ಗ)

ನಮ್ಮ ಸಹಕಾರ ಸಂಘದಲ್ಲಿ ದಿನಾ ಬೆಳಿಗ್ಗೆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಸೆಕ್ಯುರಿಟಿ ಸರ್ಟಿಫಿಕೇಟ್ ಎಚ್ಚರಿಕೆ ಬರುತ್ತೆ. ದಿನಾಂಕ ಸರಿ ಇಲ್ಲ ಅಂತ. ಯೆಸ್ ಒತ್ತಿ ಮುಂದೆ ಹೋಗ್ತಿದ್ದೇವೆ. ತೊಂದರೆ ಇಲ್ಲ ಅಲ್ವಾ? ಇನ್ನೊಂದು, ಕನ್ನಡದಲ್ಲಿ ಬರೆದ ನೋಟಿಸು ಕೆಲವು ಸದಸ್ಯರಿಗೆ ಬರೀ ಪ್ರಶ್ನಾರ್ಥಕ ಚಿಹ್ನೆಯಾಗಿ ಹೋಗುತ್ತೆ.

ನೆಟ್‌ವರ್ಕ್_ಧಾರವಾಡ

ಅಕ್ಕಾರ, ಕಂಪ್ಯೂಟರಿನ ಗಡಿಯಾರ ನೋಡ್ರಿ. ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗತಿದ್ರ, ಮದರ್‌ಬೋರ್ಡ್ ಮ್ಯಾಲಿನ ಸಿಆರ್2032 ಸೆಲ್ ಮುಗಿದಿರತೈತಿ. ಬೆಳಿಗ್ಗೆ ತಾರೀಖು ಎಷ್ಟೋ ವರ್ಷ ಹಿಂದಕ್ಕ ಹೋಗಿರತೈತಿ. ಸರ್ವರ್ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ ಅಂತ ಕಂಪ್ಯೂಟರ್ ತಿಳಕೊಳ್ಳತೈತಿ. ಸೆಲ್ ಬದಲಿ ಮಾಡಿಸ್ರಿ, ಬಾಳ ಖರ್ಚಿಲ್ಲ. ಆದ್ರ ಯೆಸ್ ಒತ್ತೋ ರೂಢಿ ಇವತ್ತೇ ಬಿಡ್ರಿ. ನಾಳೆ ಯಾರೋ ನಡುವ ಕುಂತು ನಿಮ್ಮ ಪಾಸ್‌ವರ್ಡ್ ಕದಿಯೋ ಹೊತ್ತಿಗೂ ಇಂಥದೇ ಎಚ್ಚರಿಕೆ ಬರತೈತಿ. ಹೆಸರು ಹೊಂದವಲ್ದು ಅಂತ ಬಂದ್ರಂತೂ ಒತ್ತಲೇಬ್ಯಾಡ್ರಿ, ಸರ್ವರ್ ಹೆಸರು ಸರಿ ಬರದೀವೇನು ಅಂತ ನೋಡ್ರಿ.

ಸರ್ವರ್_ಕೋಣೆ

ಕನ್ನಡದ ವಿಷಯಕ್ಕೆ: ಪ್ರಶ್ನಾರ್ಥಕ ಚಿಹ್ನೆ ಅಂದರೆ ಅಕ್ಷರಗಳು ಕಳೆದುಹೋಗಿವೆ, ಓದುವವರ ಕಡೆ ಅದಕ್ಕೆ ಪರಿಹಾರವಿಲ್ಲ. ಔಟ್‌ಲುಕ್‌ನಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಅಲ್ಲಿ ಇಂಟರ್‌ನ್ಯಾಷನಲ್ ಆಪ್ಷನ್ಸ್‌ಗೆ ಹೋಗಿ, ಹೊರಹೋಗುವ ಮೇಲ್‌ನ ಎನ್‌ಕೋಡಿಂಗ್ ಯೂನಿಕೋಡ್ ಯುಟಿಎಫ್-8 ಮಾಡಿ. ಚೌಕಗಳು ಕಂಡರೆ ಮಾತ್ರ ಅವರ ಫೋನ್‌ನಲ್ಲಿ ಫಾಂಟ್ ಇಲ್ಲ ಎಂದು ಅರ್ಥ. ಚುಕ್ಕೆ ಕೊಂಬಿನ ಲ್ಯಾಟಿನ್ ಅಕ್ಷರಗಳು ಬಂದರೆ ನೋಟಿಸು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ನಲ್ಲಿ ಇದೆ ಎಂದರ್ಥ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ ಕಳಿಸಿ, ಇಲ್ಲವೇ ಪಿಡಿಎಫ್ ಮಾಡಿ. ಸದಸ್ಯರಿಗೆ ಅವರ ಭಾಷೆಯಲ್ಲೇ ನೋಟಿಸು ಕೊಡುತ್ತಿದ್ದೀರಿ, ಅದು ಓದುವ ಹಾಗೆ ತಲುಪಲಿ.

ಅಬುಧಾಬಿ_ಕನ್ನಡಿಗ

ಒಂದು ಎರರ್ ಬಗ್ಗೆ ಎಲ್ಲರೂ ಹುಷಾರಾಗಿರಬೇಕು: ನೀವು ಕಳಿಸದೇ ಇರುವ ಮೇಲ್‌ಗಳು ವಾಪಸ್ ಬರುವುದು. ಯಾರೋ ನಿಮ್ಮ ವಿಳಾಸವನ್ನು ಸುಳ್ಳಾಗಿ ಹಾಕಿಕೊಂಡಿರಬಹುದು, ಇಲ್ಲವೇ ನಿಜವಾಗಿಯೂ ಒಳಗೆ ಹೊಕ್ಕಿರಬಹುದು. ಸೆಂಟ್ ಐಟಮ್ಸ್ ನೋಡಿ. ರೂಲ್ಸ್ ನೋಡಿ, ವೆಬ್‌ಮೇಲ್‌ನಲ್ಲಿ ಫಾರ್ವರ್ಡಿಂಗ್ ನೋಡಿ. ಹೊಕ್ಕವರು "ಇನ್‌ವಾಯ್ಸ್", "ಪೇಮೆಂಟ್" ಅನ್ನುವ ಪದ ಇರುವ ಮೇಲ್‌ಗಳೆಲ್ಲಾ ಯಾರೂ ತೆರೆಯದ ಆರ್‌ಎಸ್‌ಎಸ್ ಫೋಲ್ಡರ್‌ಗೆ ಹೋಗುವ ಹಾಗೆ ರೂಲ್ ಮಾಡಿಡುತ್ತಾರೆ, ಆಮೇಲೆ ನಿಮ್ಮ ಹೆಸರಿನಲ್ಲಿ ಬ್ಯಾಂಕ್ ಖಾತೆ ನಂಬರ್ ಬದಲಿಸಿ ಪಾರ್ಟಿಗೆ ಬರೆಯುತ್ತಾರೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. "ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಒತ್ತಿ" ಅಂತ ಬರುವ ಎರರ್ ಮೇಲ್‌ಗಳಲ್ಲಿ ಎಷ್ಟೋ ಸುಳ್ಳು. ತುಂಬಿದೆಯೋ ಇಲ್ಲವೋ ಔಟ್‌ಲುಕ್‌ನಲ್ಲಿ ಅಥವಾ ನೀವೇ ವಿಳಾಸ ಟೈಪ್ ಮಾಡಿ ತೆರೆದ ವೆಬ್‌ಮೇಲ್‌ನಲ್ಲಿ ನೋಡಿಕೊಳ್ಳಿ, ಲಿಂಕ್ ಒತ್ತಬೇಡಿ.

ತೆರಿಗೆ_ಕೊಠಡಿ, ಮಂಗಳವಾರ

ಹೋದ್ವು ರೀ! ಎಸ್‌ಪಿಎಫ್ ಒಂದು ಸಾಲು ಮಾಡಿದ್ವಿ, ಡಿಕೆಐಎಂ ಕೀಲಿ ಅಂಟಿಸಿದ್ವಿ. ರಾತ್ರಿ ತನಕ ಕೆಲವು ಹೋಗತಿದ್ವು, ಕೆಲವು ಇಲ್ಲ. ಬೆಳಿಗ್ಗೆಯಿಂದ ಎಲ್ಲಾ ಹೋಗಾಕತ್ತಾವು. ಶೋ ಒರಿಜಿನಲ್‌ನಾಗ ಎರಡೂ ಪಾಸ್. ಚಲನ್ ಎಲ್ಲಾ ಕಳಿಸಿ ಆತು. ಇಬ್ರಿಗೂ ಬಾಳ ಉಪಕಾರ ಆತ್ರಿ.

ಇನ್ನೊಂದು ಉಳದೈತಿ. ನಮ್ಮ ಜೆರಾಕ್ಸ್ ಮಷೀನ್‌ನಾಗ ಸ್ಕ್ಯಾನ್ ಮಾಡಿ ನೇರ ಮೇಲ್ ಮಾಡೋದು ಇತ್ತು, ಆಫೀಸಿನ ಹಳೇ ಜಿಮೇಲ್ ಖಾತೆಯಿಂದ. ಅದು ಯಾವಾಗಲೋ ನಿಂತೈತಿ, 535 5.7.8 ಅಂತ ತೋರಸತೈತಿ. ಪಾಸ್‌ವರ್ಡ್ ಸರೀನೇ ಐತಿ.

ನೆಟ್‌ವರ್ಕ್_ಧಾರವಾಡ

535 ಅಂದ್ರ ಲಾಗಿನ್ ಒಪ್ಪಲಿಲ್ಲ ಅಂತ. ಬರೇ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗ ಬರೋದನ್ನ ಗೂಗಲ್ 2022ರ ಮೇ 30ರಿಂದ ಸಾಮಾನ್ಯ ಖಾತೆಗಳಿಗೆ ನಿಲ್ಲಿಸೈತಿ. ಖಾತೆಗೆ ಟೂ-ಸ್ಟೆಪ್ ವೆರಿಫಿಕೇಷನ್ ಚಾಲೂ ಮಾಡಿ ಆ್ಯಪ್ ಪಾಸ್‌ವರ್ಡ್ ತಗೊಳ್ರಿ. 16 ಅಕ್ಷರ ಕೊಡತಾರ, ನಾಲ್ಕು ನಾಲ್ಕರ ಗುಂಪು ಮಾಡಿ ತೋರಸತಾರ. ಮಷೀನ್‌ನಾಗ ನಡುವ ಸ್ಪೇಸ್ ಇಲ್ಲದ ಹಾಕ್ರಿ. ಪೋರ್ಟ್ 587, ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕಕ್ಕ ಗೂಢಲಿಪಿ ಹಾಕೋ ವಿಧಾನ). 25 ಇದ್ರ ಬದಲಿ ಮಾಡ್ರಿ, ಬಾಳ ಇಂಟರ್ನೆಟ್ ಕಂಪನಿಗಳು ಅದನ್ನ ಮುಚ್ಚಿರತಾವು. ಮಷೀನ್ ಬಾಳ ಹಳೇದಾಗಿ ಟಿಎಲ್‌ಎಸ್ 1.2 ಬರದಿದ್ರ ಮೇಲ್ ಆಸೆ ಬಿಡ್ರಿ, ಸ್ಕ್ಯಾನ್ ನೇರ ಕಂಪ್ಯೂಟರಿನ ಶೇರ್ ಫೋಲ್ಡರಿಗೆ ಬೀಳೋ ಹಂಗ ಇಡ್ರಿ.

ತೆರಿಗೆ_ಕೊಠಡಿ

ಪೋರ್ಟ್ 25ನೇ ಇತ್ತು ನೋಡ್ರಿ. 587 ಮಾಡಿ ಆ್ಯಪ್ ಪಾಸ್‌ವರ್ಡ್ ಹಾಕಿದೆ, ಟೆಸ್ಟ್ ಪುಟ ಬಂತು. ಆದ್ರ ದೊಡ್ಡ ಫೈಲ್ ಹೋಗವಲ್ದು, 20 ಎಂಬಿ ಐತಿ. ಜಿಮೇಲ್ ಮಿತಿ 25 ಅಲ್ಲೇನ್ರಿ?

ಸರ್ವರ್_ಕೋಣೆ

ಮೇಲ್‌ನಲ್ಲಿ ಫೈಲ್ ಹೋಗುವಾಗ ಬೇಸ್64 ಆಗಿ ಬದಲಾಗುತ್ತದೆ, ಮೂರು ಬೈಟ್ ಇದ್ದದ್ದು ನಾಲ್ಕಾಗುತ್ತದೆ. ನಿಮ್ಮ 20 ಎಂಬಿ ದಾರಿಯಲ್ಲಿ ಸುಮಾರು 27 ಎಂಬಿ. ಸ್ಕ್ಯಾನ್ ರೆಸಲ್ಯೂಷನ್ 600 ಡಿಪಿಐ ಇದ್ದರೆ 200ಕ್ಕೆ ಇಳಿಸಿ, ಬಣ್ಣ ಬೇಡದ ಕಡೆ ಕಪ್ಪು-ಬಿಳುಪು ಇಡಿ. ಚಲನ್, ಬಿಲ್ಲು ಓದಲು ಅಷ್ಟು ಧಾರಾಳ ಸಾಕು.